ಸಚಿವರೇ, ಫಿಸಿಯೋಥೆರಪಿಯನ್ನು ನಮ್ಮ ಅಂಗಳಕ್ಕೆ ಕಳಿಸಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರಗಳು.

ನಮ್ಮ ಮನೆಯಿಂದ ಬಸ್ಸು ನಿಲ್ಲುವ ಕ್ರಾಸಿಗೆ ಒಂದೂಕಾಲು ಕಿಲೋಮೀಟರ್ ಏರುದಾರಿ. ಕ್ರಾಸಿನಿಂದ ತಾಲ್ಲೂಕು ಆಸ್ಪತ್ರೆಗೆ 22 ಕಿಲೋಮೀಟರ್. ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಟರೆ ಹತ್ತಕ್ಕೆ ಚೀಟಿ, ಹನ್ನೊಂದೂವರೆಗೆ ಡಾಕ್ಟರು, ಆಮೇಲೆ ಫಿಸಿಯೋಥೆರಪಿ ಕೋಣೆಯ ಮುಂದಿನ ಬೆಂಚು. ಒಳಗೆ ಕರೆದ ಮೇಲೆ ಮೊಣಕಾಲಿಗೆ ಇಪ್ಪತ್ತು ನಿಮಿಷ ಕರೆಂಟು ಕೊಡುತ್ತಿದ್ದರು. ತಿರುಗಿ ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಮಾರನೇ ದಿನ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಅದರ ಮಾರನೇ ದಿನವೂ. ಚೀಟಿಯಲ್ಲಿ ಬರೆದದ್ದು ವಾರಕ್ಕೆ ಮೂರು ಸಲ ಬರಬೇಕು ಎಂದು. ನಾನು ಎರಡು ವಾರದಲ್ಲಿ ನಾಲ್ಕು ಸಲ ಹೋಗಿ ಬಿಟ್ಟುಬಿಟ್ಟೆ. ಆಸ್ಪತ್ರೆಯ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ 'ಚಿಕಿತ್ಸೆ ಅರ್ಧಕ್ಕೆ ಬಿಟ್ಟವರು' ಎಂದು ಬರೆದಿರಬಹುದು.

2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಅದು ದೊಡ್ಡ ಉಪಕಾರ, ಮನಸ್ಸು ತುಂಬಿ ಹೇಳುತ್ತೇನೆ. ಆದರೆ ನನ್ನಂಥವರಿಗೆ ದುಡ್ಡಿಗಿಂತ ಮೊದಲು ಖರ್ಚಾಗುವುದು ಮೈ. ದಿನಕ್ಕೆ ಇಷ್ಟೇ ಎಂದು ಅಳೆದು ಕೊಟ್ಟ ಶಕ್ತಿಯಲ್ಲಿ ಅಷ್ಟೂ ಏರುದಾರಿಗೆ, ಬಸ್ಸಿನ ಕುಲುಕಾಟಕ್ಕೆ, ಬೆಂಚಿನ ಮೇಲೆ ಕಾಯುವುದಕ್ಕೆ ಹೋಗಿಬಿಟ್ಟರೆ, ಚಿಕಿತ್ಸೆ ಮುಟ್ಟಬೇಕಾದ ಹೊತ್ತಿಗೆ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ತೀರದ ನೋವು, ತೀರದ ಸುಸ್ತು ಎರಡೂ ಇರುವವರಿಗೆ ಫಿಸಿಯೋಥೆರಪಿ ಮನೆಗೇ ಬರಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಎಲ್ಲರೂ ಓದಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ. ಯಾಕೆಂದರೆ ಇದನ್ನು ಓದುವ ಎಷ್ಟೋ ಮನೆಗಳಲ್ಲಿ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವವರು ಒಬ್ಬರಾದರೂ ಇದ್ದಾರೆ.

ನಾನು ಮಲೆನಾಡಿನವಳು, ಅಡಿಕೆ ತೋಟದ ಮನೆಯ ಗೃಹಿಣಿ. ನನ್ನ ಕಥೆ ಶುರುವಾಗುವುದು 2006ರಲ್ಲಿ. ಆ ವರ್ಷ ಚಿಕೂನ್‌ಗುನ್ಯಾ ಬಂತು. ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಮಂದಿಗೆ ಬಂದಿರಬಹುದು ಎಂದು ಅಂದಾಜು ಮಾಡಿದರು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಕರ್ನಾಟಕದವರೇ. ಊರಿಗೆ ಊರೇ ಮಲಗಿತ್ತು. ಹಾಲು ಕರೆಯಲು ಬೆರಳು ಮಡಚದ ಗಂಡಸರು, ಮಗುವನ್ನು ಎತ್ತಿಕೊಳ್ಳಲಾಗದ ತಾಯಂದಿರು. ಚಿಕೂನ್‌ಗುನ್ಯಾ ಎಂಬುದು ಆಫ್ರಿಕಾದ ಮಕೊಂಡೆ ಎಂಬ ಭಾಷೆಯ ಶಬ್ದ, ಮೈ ಬಾಗಿಹೋಗುವುದು ಎಂದು ಅರ್ಥ ಅಂತ ಆಮೇಲೆ ತಿಳಿಯಿತು. ಆ ಹೆಸರಿಟ್ಟವರು ನಮ್ಮೂರಿನ ಬೀದಿಯನ್ನೇ ಕಂಡಿದ್ದರೇನೋ ಎನಿಸಿತ್ತು. ಹೆಚ್ಚಿನವರು ತಿಂಗಳೆರಡು ತಿಂಗಳಲ್ಲಿ ನೆಟ್ಟಗಾದರು. ಕೆಲವರು ಆಗಲಿಲ್ಲ. ಆ ಕೆಲವರಲ್ಲಿ ನಾನೂ ಒಬ್ಬಳು.

ಜ್ವರ ಹೋಯಿತು, ನೋವು ಉಳಿಯಿತು. ಮೊದಲು ಮಣಿಕಟ್ಟು, ಹಿಮ್ಮಡಿ, ಮೊಣಕಾಲು. ಆಮೇಲೆ ಭುಜ, ಕುತ್ತಿಗೆ, ಸೊಂಟ. ವರ್ಷಗಳು ಹೋದ ಹಾಗೆ ಎಲ್ಲಿ ನೋವು ಎಂದು ಕೇಳಿದರೆ ಎಲ್ಲಿ ಇಲ್ಲ ಎಂದು ಹೇಳುವುದೇ ಸುಲಭವಾಯಿತು. ನೋವಿಗಿಂತ ಹೆಚ್ಚು ಹೆದರಿಸಿದ್ದು ಸುಸ್ತು. ರಾತ್ರಿಯಿಡೀ ಮಲಗಿ ಎದ್ದರೂ ಗದ್ದೆ ನೆಟ್ಟಿ ಮಾಡಿ ಬಂದಷ್ಟು ಸುಸ್ತು. ಒದ್ದೆ ಪಂಚೆ ಹಿಂಡಲು ಕೈ ಬಾರದು. ತುಂಬಿದ ಲೋಟವನ್ನು ಎರಡು ಕೈಯಲ್ಲಿ ಹಿಡಿಯಬೇಕು. ರಕ್ತ ಪರೀಕ್ಷೆ ಮಾಡಿಸಿದರು, ಎಕ್ಸ್‌ರೇ ತೆಗೆಸಿದರು, ಎಲ್ಲ 'ನಾರ್ಮಲ್'. ಆ ಶಬ್ದ ಕೇಳಿದ ದಿನ ಮನೆಯವರಿಗೆ ಸಮಾಧಾನ, ನನಗೆ ಅಳು. ಎಲ್ಲ ಸರಿಯಿದ್ದ ಮೇಲೆ ಇವಳಿಗೆ ಏನಾಗಿದೆ ಎಂಬ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಆದರೆ ಅಡಿಕೆ ಕೊಯ್ಲಿನ ಕಾಲದಲ್ಲಿ ಸುಲಿಯಲು ಮೆಟ್ಟುಗತ್ತಿಯ ಮೇಲೆ ಕೂರದ ಸೊಸೆಯನ್ನು ಜನ ಹೇಗೆ ನೋಡುತ್ತಾರೆ ಎಂದು ಮಲೆನಾಡಿನ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ.

ಹತ್ತು ವರ್ಷ ನೋವಿನ ಮಾತ್ರೆ ನುಂಗಿದೆ. ಮಾತ್ರೆಗೆ ಹೊಟ್ಟೆ ಉರಿ, ಹೊಟ್ಟೆ ಉರಿಗೆ ಇನ್ನೊಂದು ಮಾತ್ರೆ. ಸೊಂಟಕ್ಕೆ ಬೆಲ್ಟ್ ಕಟ್ಟಿದೆ. ನಾಟಿ ಎಣ್ಣೆ ತಿಕ್ಕಿಸಿಕೊಂಡೆ. ಕೊನೆಗೆ ಜಿಲ್ಲಾ ಕೇಂದ್ರದ ಒಬ್ಬ ಡಾಕ್ಟರು ಅರ್ಧ ಗಂಟೆ ಕೂರಿಸಿ ಮಾತಾಡಿಸಿ, ಇದು ಫೈಬ್ರೊಮಯಾಲ್ಜಿಯಾ, ಮೈಯೆಲ್ಲ ನೋವು, ಸುಸ್ತು ಉಳಿದುಬಿಡುವ ಕಾಯಿಲೆ, ಸುಳ್ಳು ನೋವಲ್ಲ, ಆದರೆ ಮಾತ್ರೆಯೊಂದರಿಂದಲೇ ಹೋಗುವುದೂ ಅಲ್ಲ, ಮೈಯನ್ನು ಮೆಲ್ಲಗೆ ಮತ್ತೆ ಪಳಗಿಸಬೇಕು, ಫಿಸಿಯೋಥೆರಪಿ ಮಾಡಿಸಿ ಎಂದರು. ಆಮೇಲಿನದ್ದೇ ನಾನು ಮೊದಲು ಬರೆದ ಬಸ್ಸಿನ ಕಥೆ.

ಹಾಗಾದರೆ ನನಗೆ ಗುಣ ಕಂಡದ್ದು ಹೇಗೆ? ಪಕ್ಕದ ಊರಿನ ಒಂದು ಹುಡುಗಿಯಿಂದ. ಬಿಪಿಟಿ ಎಂಬ ಫಿಸಿಯೋಥೆರಪಿ ಪದವಿ ಓದಿ ಮುಗಿಸಿ, ಕೆಲಸ ಸಿಗುವವರೆಗೆ ಮನೆಯಲ್ಲಿದ್ದಳು. ನನ್ನ ತಂಗಿಯ ಮಗಳ ಸ್ನೇಹಿತೆ. ಒಂದು ಸಲಕ್ಕೆ 400 ರೂಪಾಯಿಯಂತೆ ಎಂಟು ಸಲ ಬಂದಳು. ಎಂಟೇ ಸಲ.

ಮೊದಲ ದಿನ ಅವಳು ನನ್ನ ಮೈ ಮುಟ್ಟಲೇ ಇಲ್ಲ. "ಅಮ್ಮಾ, ನೀವು ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡ್ತೀರೋ ಅದನ್ನೇ ಮಾಡಿ ತೋರಿಸಿ, ನಾನು ಹಿಂದೆ ಬರ್ತೀನಿ" ಎಂದಳು. ನಾನು ಹಾಸಿಗೆಯಿಂದ ಏಳುವುದನ್ನು ನೋಡಿದಳು. ಹಂಡೆಯಿಂದ ನೀರು ಮೊಗೆಯುವುದನ್ನು ನೋಡಿದಳು. ಬಚ್ಚಲಿನ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಪಾತ್ರೆ ತಿಕ್ಕುವುದನ್ನು, ಕೊಟ್ಟಿಗೆಯ ಮೆಟ್ಟಿಲು ಇಳಿಯುವುದನ್ನು, ಶೌಚಾಲಯದಲ್ಲಿ ಏಳಲು ನಲ್ಲಿ ಹಿಡಿದುಕೊಳ್ಳುವುದನ್ನು ಎಲ್ಲ ನೋಡಿದಳು. ಕೈಯಲ್ಲಿ ಒಂದು ಚೀಟಿ, ಅದರಲ್ಲಿ ಗೀಟು ಹಾಕುತ್ತಾ ಬಂದಳು. ತಿಂಡಿಯ ಹೊತ್ತಿಗೆ ಚೀಟಿ ತೋರಿಸಿದಳು. ನೆಲಕ್ಕೆ ಬಗ್ಗಿ ಎದ್ದದ್ದು 31 ಸಲ.

ಆಸ್ಪತ್ರೆಯ ಕೋಣೆಯಲ್ಲಿ ಕೂತವರಿಗೆ ಆ 31 ಕಾಣುವ ದಾರಿಯೇ ಇಲ್ಲ, ಸಚಿವರೇ. ನನಗೇ ಕಂಡಿರಲಿಲ್ಲ.

ಆ ದಿನ ಮಧ್ಯಾಹ್ನ ನನ್ನ ಮಗ ಮತ್ತು ಅವಳು ಸೇರಿ ನಾಲ್ಕು ಕಲ್ಲು ಇಟ್ಟು ಹಂಡೆಯ ನೀರಿಗೆ ಸೊಂಟದ ಎತ್ತರಕ್ಕೆ ಒಂದು ತೊಟ್ಟಿ ಮಾಡಿದರು. ಪಾತ್ರೆ ತಿಕ್ಕಲು ಹಳೆಯ ಪ್ಲಾಸ್ಟಿಕ್ ಸ್ಟೂಲು ಬಂತು. ಶೌಚಾಲಯದ ಗೋಡೆಗೆ ಒಂದು ಜಿ.ಐ. ಪೈಪಿನ ಹಿಡಿಕೆ. ಬಾಣಲೆ, ಕುಕ್ಕರುಗಳು ಕೆಳಗಿನ ಅಟ್ಟಣಿಗೆಯಿಂದ ಮೇಲಿನದಕ್ಕೆ ಹತ್ತಿದವು. ಎಲ್ಲ ಸೇರಿ ಖರ್ಚು ಸಾವಿರ ರೂಪಾಯಿಯೂ ಇಲ್ಲ. ಒಂದು ವಾರ ಕಳೆಯುವುದರೊಳಗೆ 31 ಇದ್ದದ್ದು 12ಕ್ಕೆ ಇಳಿಯಿತು.

ವ್ಯಾಯಾಮ ಎಂದರೆ ನಾನು ಏನೋ ದೊಡ್ಡದು ಎಂದುಕೊಂಡಿದ್ದೆ. ಅವಳು ಮೊದಲ ವಾರ ಕೊಟ್ಟದ್ದು ಮೂರೇ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಐದು ಸಲ. ಜಗುಲಿಯ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಐದು ಸಲ. ಗೋಡೆಗೆ ಬೆರಳೂರಿ ಜೇಡ ಹತ್ತಿದ ಹಾಗೆ ಕೈಯನ್ನು ಮೇಲಕ್ಕೆ ನಡೆಸುವುದು. ನನಗೆ ಹತ್ತು ಸಲ ಆಗುತ್ತದೆ ಎಂದರೂ ಬಿಡಲಿಲ್ಲ. "ಆಗೋದರಲ್ಲಿ ಅರ್ಧ ಮಾಡಿ ಅಮ್ಮಾ, ನಾಳೆ ಬೆಳಿಗ್ಗೆ ಹೇಗಿರ್ತೀರೋ ಅದರ ಮೇಲೆ ಉಳಿದದ್ದು."

ನೋವು ಯಾಕೆ ಹೋಗುವುದಿಲ್ಲ ಎಂದು ಯಾವ ಡಾಕ್ಟರೂ ಹೇಳದಷ್ಟು ಬಿಡಿಸಿ ಹೇಳಿದವಳೂ ಅವಳೇ. ಅಂಗಳದಲ್ಲಿ ಮಲಗಿದ್ದ ನಮ್ಮ ನಾಯಿಯನ್ನು ತೋರಿಸಿದಳು. ಒಂದು ಸಲ ಮನೆಗೆ ಕಳ್ಳ ಬಂದು ಹೋದ ಮೇಲೆ ನಾಯಿ ಎಲೆ ಅಲ್ಲಾಡಿದರೂ ಬೊಗಳುತ್ತದೆ. ಕಳ್ಳ ಈಗ ಇಲ್ಲ, ಆದರೆ ಬೊಗಳುವುದು ನಿಜ, ನಮಗೆ ನಿದ್ದೆ ಕೆಡುವುದೂ ನಿಜ. ನಿಮ್ಮ ನರಗಳು ಹಾಗಾಗಿವೆ. ನಾಯಿಗೆ ಹೊಡೆದರೆ ಇನ್ನೂ ಬೊಗಳುತ್ತದೆ, ಕಟ್ಟಿಹಾಕಿ ಕತ್ತಲೆ ಕೋಣೆಗೆ ತಳ್ಳಿದರೂ ಬೊಗಳುತ್ತದೆ. ದಿನಾ ಸ್ವಲ್ಪ ಸ್ವಲ್ಪ ಹೊರಗೆ ಕರೆದುಕೊಂಡು ಹೋಗಿ, ಇದು ಎಲೆ, ಇದು ದನ, ಇದು ನೆಂಟರು ಎಂದು ಗುರುತು ಮಾಡಿಸಬೇಕು. ನೋವು ಇದೆ ಎಂದು ಪೂರಾ ಮಲಗಿಬಿಡುವುದೂ ತಪ್ಪು, ನೋವನ್ನು ಲೆಕ್ಕಿಸದೆ ಮೈಮೇಲೆ ಬಿದ್ದು ದುಡಿಯುವುದೂ ತಪ್ಪು. ಹನ್ನೆರಡು ವರ್ಷದಲ್ಲಿ ನನ್ನ ಕಾಯಿಲೆ ನನಗೆ ಅರ್ಥವಾದದ್ದು ಆ ಹೊತ್ತಿನಲ್ಲಿ.

ಸುಸ್ತಿನ ವಿಷಯಕ್ಕೆ ಅವಳು ಬೇರೆಯೇ ಲೆಕ್ಕ ಕೊಟ್ಟಳು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ಎಡವಿದರೆ ಫಿಸಿಯೋಥೆರಪಿಯೇ ಕೇಡು ಮಾಡಬಹುದು. ನಮ್ಮಂಥವರಿಗೆ ಒಂದು ಅಭ್ಯಾಸವಿದೆ. ಮೈ ಹಗುರಾದ ದಿನ, ಬಾಕಿ ಬಿದ್ದದ್ದನ್ನೆಲ್ಲ ಮುಗಿಸಿಬಿಡೋಣ ಎಂದು ಹೊರಡುತ್ತೇವೆ. ಹಪ್ಪಳ ಒತ್ತುತ್ತೇವೆ, ಅಟ್ಟ ಗುಡಿಸುತ್ತೇವೆ, ಕಂಬಳಿ ಒಗೆಯುತ್ತೇವೆ. ಆಮೇಲೆ ಮೂರು ದಿನ ಹಾಸಿಗೆ. ಅವಳು ಕ್ಯಾಲೆಂಡರಿನ ಹಿಂಬದಿಯಲ್ಲಿ ದಿನಾ ಎರಡು ಅಂಕಿ ಬರೆಯಲು ಹೇಳಿದಳು, ನೋವು ಎಷ್ಟು, ಕೆಲಸ ಎಷ್ಟು. ಒಂದು ತಿಂಗಳ ಅಂಕಿಗಳನ್ನು ಒಟ್ಟಿಗೆ ನೋಡಿದಾಗ ನನ್ನ ಕಣ್ಣಿಗೇ ಬಿತ್ತು: ಪ್ರತಿ ದೊಡ್ಡ ಕೆಲಸದ ದಿನದ ಹಿಂದೆಯೇ ಎರಡು ಮೂರು ಖಾಲಿ ದಿನ. ಅಲ್ಲಿಂದ ನಿಯಮ ಒಂದೇ. ಒಳ್ಳೆಯ ದಿನವೂ ಅಷ್ಟೇ ಕೆಲಸ, ಕೆಟ್ಟ ದಿನವೂ ಆದಷ್ಟು ಅಷ್ಟೇ. ಇಪ್ಪತ್ತು ನಿಮಿಷ ಕೆಲಸ, ಹತ್ತು ನಿಮಿಷ ಕಾಲು ಚಾಚಿ ಕೂರುವುದು, ಸುಸ್ತಾಗುವ ಮೊದಲೇ. ಸುಸ್ತಾದ ಮೇಲೆ ಕೂರುವುದಕ್ಕೂ ಸುಸ್ತಾಗುವ ಮೊದಲು ಕೂರುವುದಕ್ಕೂ ಇರುವ ಅಂತರ ನನ್ನ ಬದುಕನ್ನೇ ಬದಲಿಸಿತು.

ಸುಸ್ತೇ ಮುಖ್ಯವಾಗಿರುವ, ಸ್ವಲ್ಪ ಹೆಚ್ಚು ಓಡಾಡಿದರೂ ದಿನಗಟ್ಟಲೆ ಕುಸಿದುಬೀಳುವ ಕಾಯಿಲೆಯೊಂದಿದೆ, ವೈದ್ಯರು ಅದನ್ನು ಎಂಇ ಅಥವಾ ದೀರ್ಘಕಾಲದ ಆಯಾಸದ ಸಿಂಡ್ರೋಮ್ ಎನ್ನುತ್ತಾರೆ. ಅಂಥ ರೋಗಿಗಳಿಗೆ ವಾರ ವಾರ ವ್ಯಾಯಾಮ ಏರಿಸುತ್ತಾ ಹೋಗಬೇಕು ಎಂಬ ಪದ್ಧತಿ ವರ್ಷಗಟ್ಟಲೆ ನಡೆದಿತ್ತು. ಅದರಿಂದ ತಮ್ಮ ಸ್ಥಿತಿ ಕೆಟ್ಟಿತು ಎಂದು ರೋಗಿಗಳು ಕೂಗಿ ಕೂಗಿ ಹೇಳಿದ ಮೇಲೆ, ಇಂಗ್ಲೆಂಡಿನ ನೈಸ್ ಎಂಬ ಸರ್ಕಾರಿ ಮಾರ್ಗದರ್ಶಿ ಸಂಸ್ಥೆ 2021ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟು, ಇರುವ ಶಕ್ತಿಯೊಳಗೇ ದಿನವನ್ನು ಹೊಂದಿಸಿಕೊಳ್ಳಿ ಎಂದಿತು. ನನ್ನ ಕಾಯಿಲೆ ಬೇರೆ, ನನಗೆ ವ್ಯಾಯಾಮ ಮೆಲ್ಲಗೆ ಏರಿಸಿದ್ದರಿಂದ ಒಳ್ಳೆಯದಾಗಿದೆ. ಯಾರಿಗೆ ಏರಿಸಬೇಕು, ಯಾರಿಗೆ ನಿಲ್ಲಿಸಬೇಕು ಎಂದು ತಿಳಿಯಬೇಕಾದರೆ ಕಲಿತವರು ಬಂದು ಮನೆಯಲ್ಲಿ ಕೂತು ಕೇಳಬೇಕು. ಮೊಬೈಲಿನಲ್ಲಿ ಬರುವ ವಿಡಿಯೋಗಳು ಎಲ್ಲರಿಗೂ ಒಂದೇ ಮಾತು ಹೇಳುತ್ತವೆ. ಅವನ್ನು ನೋಡಿ ಮಾಡಿ ನಮ್ಮೂರಿನಲ್ಲೇ ಇಬ್ಬರು ಸೊಂಟ ಹಿಡಿದು ಮಲಗಿದ್ದನ್ನು ಕಂಡಿದ್ದೇನೆ.

ಇನ್ನೊಂದು ಘಟನೆ ಹೇಳಲೇಬೇಕು. ಆ ಹುಡುಗಿ ಐದನೇ ಸಲ ಬಂದಾಗ ಪಕ್ಕದ ಮನೆಯ ಭಾವನವರೂ ಬಂದು ಕೂತರು, ಸೊಂಟನೋವು, ನನಗೂ ಎರಡು ವ್ಯಾಯಾಮ ಹೇಳಿಕೊಡು ಎಂದು. ಅವಳು ಅವರನ್ನು ಹಿಮ್ಮಡಿಯ ಮೇಲೆ ನಡೆಸಿದಳು, ಪಾದ ಎತ್ತಿ ಹಿಡಿಯಲು ಹೇಳಿದಳು, ಮೂತ್ರ ಸರಿಯಾಗಿ ಹೋಗುತ್ತದೆಯೇ ಎಂದು ಸಂಕೋಚವಿಲ್ಲದೆ ಕೇಳಿದಳು. ಆಮೇಲೆ ಒಂದು ವ್ಯಾಯಾಮವನ್ನೂ ಹೇಳಿಕೊಡಲಿಲ್ಲ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ, ನಾಳೆಗೆ ಇಡಬೇಡಿ ಎಂದು ಹಟ ಹಿಡಿದು ಕಳಿಸಿದಳು. ಬೆನ್ನುಮೂಳೆಯ ನಡುವಿನ ಡಿಸ್ಕು ಜಾರಿ ನರಗಳನ್ನು ಒತ್ತಿತ್ತು, ಆಪರೇಷನ್ ಆಯಿತು. ಇವತ್ತು ಅವರು ತೋಟಕ್ಕೆ ಹೋಗುತ್ತಾರೆ. ಫಿಸಿಯೋಥೆರಪಿ ಎಂದರೆ ಕೈಕಾಲು ಎಳೆಯುವುದು, ಮಸಾಜು ಎಂದು ತಿಳಿದವರು ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು ಎಂದು ನನ್ನ ಪ್ರಾರ್ಥನೆ. ನಾಲ್ಕೂವರೆ ವರ್ಷ ಓದಿದ ಕಣ್ಣು ಅದು.

ನೋವನ್ನು ಕಾಯಿಲೆ ಎಂದು ಒಪ್ಪಿಕೊಳ್ಳುವ ಕಾಲವೂ ಬಂದಾಗಿದೆ. ಮೂರು ತಿಂಗಳು ಮೀರಿ ಉಳಿದ ನೋವು ದೀರ್ಘಕಾಲದ ನೋವು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹೊಸ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂತು, ಅದರಲ್ಲಿ ದೀರ್ಘಕಾಲದ ನೋವಿಗೆ ಅದರದ್ದೇ ಜಾಗವಿದೆ, ಬೇರೆ ಯಾವುದೋ ರೋಗದ ಬಾಲವಾಗಿ ಅಲ್ಲ. ಅದೇ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಲೋಕದಲ್ಲಿ ಸೊಂಟನೋವು ಇದ್ದವರು 61.9 ಕೋಟಿ ಮಂದಿ. 2023ರ ಡಿಸೆಂಬರಿನಲ್ಲಿ ಅದು ಹಳೆಯ ಸೊಂಟನೋವಿಗೆ ಏನು ಮಾಡಬೇಕು ಎಂಬ ಮಾರ್ಗಸೂಚಿಯನ್ನೂ ಹೊರಡಿಸಿತು. ರೋಗಿಗೆ ಕಾಯಿಲೆಯನ್ನು ತಿಳಿಸಿ ಹೇಳುವುದು, ವ್ಯಾಯಾಮ, ಇವಕ್ಕೆ ಅಲ್ಲಿ ಮೇಲಿನ ಜಾಗ. ಸೊಂಟದ ಬೆಲ್ಟು, ತೂಕ ಕಟ್ಟಿ ಎಳೆಯುವುದು, ಇವನ್ನು ವಾಡಿಕೆಯಾಗಿ ಕೊಡಬೇಡಿ ಎಂದಿದೆ. ಅಂದರೆ ಬೇಕಾಗಿರುವುದು ತಾಲ್ಲೂಕಿಗೆ ಇನ್ನೊಂದು ಲಕ್ಷಾಂತರ ರೂಪಾಯಿಯ ಯಂತ್ರವಲ್ಲ. ಯಂತ್ರದ ಪಟ್ಟಿ ನಿಮ್ಮ ಮೇಜಿನ ಮೇಲೆ ಬಂದರೆ ದಯವಿಟ್ಟು ಒಂದು ಸಲ ತಡೆದು, ಅದೇ ದುಡ್ಡಿಗೆ ಎಷ್ಟು ಮಂದಿ ಫಿಸಿಯೋಥೆರಪಿಸ್ಟರನ್ನು ಎಷ್ಟು ವರ್ಷ ಇಡಬಹುದು ಎಂದು ಕೇಳಿ.

ಇದು ಆಗದ ಮಾತಲ್ಲ. ಕೋಲಾರ ಜಿಲ್ಲೆಯ ಗಡಿ ದಾಟಿದರೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ. ಅಲ್ಲಿನ ಸಾಮನಪಳ್ಳಿ ಎಂಬ ಹಳ್ಳಿಯಲ್ಲಿ 2021ರ ಆಗಸ್ಟ್ 5ರಂದು ಅಲ್ಲಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ 'ಮಕ್ಕಳೈ ತೇಡಿ ಮರುತ್ತುವಂ' ಎಂಬ ಯೋಜನೆಗೆ ಚಾಲನೆ ಕೊಟ್ಟರು. ಜನರನ್ನು ಹುಡುಕಿಕೊಂಡು ಬರುವ ವೈದ್ಯಕೀಯ ಸೇವೆ ಎಂದು ಅರ್ಥ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮನೆಗೆ ಬರುತ್ತದೆ. ಅದರ ಜೊತೆಗೆ ಬೇಕಾದವರ ಮನೆಗೆ ಫಿಸಿಯೋಥೆರಪಿಸ್ಟ್ ಬರುತ್ತಾರೆ, ನೋವು ಶಮನದ ಆರೈಕೆ ಮಾಡುವ ನರ್ಸ್ ಬರುತ್ತಾರೆ. ಆ ಯೋಜನೆಗೆ 2024ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಸಿಕ್ಕಿತು. ನಮ್ಮ ಸರ್ಕಾರವೂ 2024ರಲ್ಲಿ 'ಗೃಹ ಆರೋಗ್ಯ' ಯೋಜನೆಯನ್ನು ಆರಂಭಿಸಿತು. ಆರಂಭಿಸಿದ್ದು ಅದೇ ಕೋಲಾರದಲ್ಲಿ. ಮನೆ ಮನೆಗೆ ಹೋಗಿ ಬಿಪಿ, ಸಕ್ಕರೆ, ಕ್ಯಾನ್ಸರ್ ಲಕ್ಷಣಗಳ ತಪಾಸಣೆ ಮಾಡುವ, ಮಾತ್ರೆ ತಲುಪಿಸುವ ಆ ಕೆಲಸವನ್ನು ನಾನು ತುಂಬು ಹೃದಯದಿಂದ ಮೆಚ್ಚುತ್ತೇನೆ. ಮನೆ ಬಾಗಿಲಿನವರೆಗೆ ದಾರಿ ಆಗಿದೆ. ಆ ದಾರಿಯಲ್ಲಿ ಇನ್ನೊಬ್ಬರು ನಡೆದು ಬರಲಿ ಎಂಬುದಷ್ಟೇ ನನ್ನ ಬೇಡಿಕೆ.

ತಾಲ್ಲೂಕಿಗೆ ಒಬ್ಬ ಫಿಸಿಯೋಥೆರಪಿಸ್ಟ್, ಆರಂಭಕ್ಕೆ ಒಬ್ಬರೇ ಸಾಕು. ಅವರ ಕೆಲಸದ ಜಾಗ ಕೋಣೆಯಾಗಿರಬಾರದು, ರಸ್ತೆಯಾಗಿರಬೇಕು. ವಾರದಲ್ಲಿ ನಾಲ್ಕು ದಿನ ಹಳ್ಳಿಗಳು, ಒಂದು ದಿನ ಆಸ್ಪತ್ರೆ. ಒಬ್ಬ ರೋಗಿಗೆ ಆರರಿಂದ ಎಂಟು ಭೇಟಿ, ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ನಡುವೆ ಫೋನು. ನನಗೆ ಎಂಟು ಭೇಟಿ ಸಾಕಾಯಿತು, ಉಳಿದ ವರ್ಷಗಳನ್ನು ನಾನೇ ನಡೆಸಿಕೊಂಡು ಬಂದಿದ್ದೇನೆ. ಮನೆಯ ಫಿಸಿಯೋಥೆರಪಿಯ ಗುಟ್ಟೇ ಅದು, ಕಲಿಸಿಕೊಟ್ಟು ಹೋಗುವುದು. ಕರೆಂಟು ಕೊಟ್ಟರೆ ಮತ್ತೆ ಕರೆಂಟಿಗೇ ಬರಬೇಕು, ಕಲಿಸಿದ್ದು ಮನೆಯಲ್ಲೇ ಉಳಿಯುತ್ತದೆ. ವಯಸ್ಸಾದವರಿಗಾಗಿ ಕೇಂದ್ರ ಸರ್ಕಾರದ ಕಾರ್ಯಕ್ರಮವೊಂದು 2010ರಿಂದಲೇ ಇದೆ, ಹಾಸಿಗೆ ಹಿಡಿದವರ ಮನೆಗೆ ಹೋಗಬೇಕು ಎಂಬ ಮಾತು ಅದರಲ್ಲೂ ಇದೆ. ನಡೆಯಲಾಗದ ಶಾಲಾ ಮಕ್ಕಳಿಗೆ ಮನೆಯಲ್ಲೇ ಪಾಠ, ಫಿಸಿಯೋಥೆರಪಿ ಕೊಡುವ ಏರ್ಪಾಡು ಶಿಕ್ಷಣ ಇಲಾಖೆಯಲ್ಲಿದೆ. ಆದರೆ 60 ತುಂಬದ, ಶಾಲೆ ದಾಟಿದ, ಮನೆಯ ಭಾರವೆಲ್ಲ ಹೊತ್ತಿರುವ ನಡುವಯಸ್ಸಿನ ಹೆಂಗಸು ಈ ಎರಡರ ಯಾವ ಪಟ್ಟಿಗೂ ಸೇರುವುದಿಲ್ಲ.

ಜನ ಎಲ್ಲಿಂದ ಬರಬೇಕು ಎಂದು ಅಧಿಕಾರಿಗಳು ಕೇಳಬಹುದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಬೆಂಗಳೂರಿನಿಂದ ಮಂಗಳೂರಿನವರೆಗೆ ಎಷ್ಟು ಫಿಸಿಯೋಥೆರಪಿ ಕಾಲೇಜುಗಳಿವೆ ಎಂದು ಒಂದು ಸಲ ತರಿಸಿ ನೋಡಿ. ಓದಿದ ಮಕ್ಕಳು ಬೆಂಗಳೂರಿನ ಜಿಮ್ಮುಗಳಿಗೆ, ಕ್ಲಿನಿಕ್ಕುಗಳಿಗೆ, ಹೊರದೇಶಗಳಿಗೆ ಹೋಗುತ್ತಿದ್ದಾರೆ. ನನ್ನನ್ನು ಎಬ್ಬಿಸಿ ಕೂರಿಸಿದ ಹುಡುಗಿಯೂ ಹೋದಳು. ಊರಲ್ಲೇ ಕೆಲಸ ಸಿಕ್ಕಿದ್ದರೆ ಇರುತ್ತಿದ್ದೆ ಅಮ್ಮಾ ಎಂದು ಹೊರಡುವ ದಿನ ಹೇಳಿದಳು. 2021ರ ಕೇಂದ್ರ ಕಾಯ್ದೆ ಫಿಸಿಯೋಥೆರಪಿಯನ್ನು ನೋಂದಾಯಿತ ಆರೋಗ್ಯ ವೃತ್ತಿ ಎಂದು ಗುರುತಿಸಿದೆ. ವೃತ್ತಿಗೆ ಗೌರವ ಬಂತು, ಇನ್ನು ಹುದ್ದೆ ಬರಬೇಕು. ಅವರ ಕಲಿಕೆಯ ಕೊನೆಯ ತಿಂಗಳುಗಳ ಇಂಟರ್ನ್‌ಶಿಪ್‌ನಲ್ಲಿ ಒಂದಿಷ್ಟು ಕಾಲವನ್ನು, ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ, ಹಳ್ಳಿ ಮನೆಗಳಿಗೆ ಇಟ್ಟರೆ ಆ ಮಕ್ಕಳಿಗೂ ಕಲಿಕೆ, ನಮಗೂ ಉಪಕಾರ.

ಆಶಾ ಕಾರ್ಯಕರ್ತೆಯರ ವಿಷಯದಲ್ಲಿ ಒಂದು ಮಾತು. ನಮ್ಮ ಮನೆಗೆ ಬರುವ ಆಶಾ, ಬಾಣಂತಿಯರಿಂದ ಹಿಡಿದು ಬಿಪಿಯವರೆಗೆ ಎಲ್ಲ ವಿಚಾರಿಸುತ್ತಾಳೆ. ಒಂದು ದಿನ ನಾನೇ ಕೇಳಿದೆ, ನೋವಿನ ವಿಷಯ ಬರೆದುಕೊಳ್ಳುವುದಿಲ್ಲವೇ ಎಂದು. "ಅದಕ್ಕೆ ಕಾಲಂ ಇಲ್ಲ ಅಕ್ಕಾ" ಎಂದಳು. ಅವಳ ತಪ್ಪಲ್ಲ. ಮೂರು ತಿಂಗಳಿಗಿಂತ ಹೆಚ್ಚು ಕಾಲದಿಂದ ನೋವಿದೆಯೇ, ಅದರಿಂದ ಮನೆಗೆಲಸ ನಿಂತಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಸೇರಿಸಿದರೆ ಎಷ್ಟು ಮಂದಿ ಇದ್ದಾರೆ ಎಂದು ಮೊದಲ ಸಲ ಲೆಕ್ಕ ಸಿಗುತ್ತದೆ. ಆದರೆ ಆ ಕೆಲಸವನ್ನು ಪುಕ್ಕಟೆಯಾಗಿ ಅವರ ತಲೆಗೆ ಕಟ್ಟಬೇಡಿ. ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಬೀದಿಯಲ್ಲಿ ರಾತ್ರಿ ಕಳೆದವರು ಅವರು. ಅವರ ಬೆನ್ನೂ ಬೆನ್ನೇ.

ನೋವಿನಲ್ಲೂ ಮೇಲು ಕೀಳು ಇದೆ ಎಂದು ಬರೆಯಲು ಸಂಕಟವಾಗುತ್ತದೆ. ನನಗೆ 400 ರೂಪಾಯಿ ಕೊಡುವ ಶಕ್ತಿ ಇತ್ತು, ಅಡಿಕೆಗೆ ರೇಟಿದ್ದ ವರ್ಷ ಅದು. ಸಾಗರ ತಾಲ್ಲೂಕಿನ ಹಂದಿಗೋಡನ್ನು ನೆನೆಯಿರಿ. 1970ರ ದಶಕದಲ್ಲಿ ಆ ಊರಿನಲ್ಲಿ ಗುರುತಿಸಿದ ಕೀಲುಬೇನೆಗೆ ಊರಿನದ್ದೇ ಹೆಸರು ಬಿತ್ತು, ಹಂದಿಗೋಡು ಕಾಯಿಲೆ. ವಂಶದಲ್ಲಿ ಹರಿದು ಬರುವ ಬೇನೆ. ಸೊಂಟದ ಕೀಲು, ಮೊಣಕಾಲು ಸವೆದು, ನಡೆಯುವವರು ಬಾಗಿ, ಬಾಗಿದವರು ತೆವಳುವಂತಾಗುವ ಬೇನೆ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಅದನ್ನು ಹೆಚ್ಚಾಗಿ ಉಂಡವರು ದಲಿತ ಕುಟುಂಬಗಳು, ಕೂಲಿಯಿಂದಲೇ ಹೊಟ್ಟೆ ಹೊರೆಯುವವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ವಿಜ್ಞಾನಿಗಳು ಬಂದು ಅಧ್ಯಯನ ಮಾಡಿದರು. ಬೇನೆಯನ್ನು ಬೇರು ಸಹಿತ ಕೀಳುವ ಔಷಧ ಇಲ್ಲ. ಔಷಧ ಇಲ್ಲದ ಕಡೆಯೇ ಅಲ್ಲವೇ ಇರುವ ಬಲವನ್ನು ಉಳಿಸಿಕೊಡುವ ಕೈ ಬೇಕಾಗುವುದು? ಇನ್ನು ಪಾವಗಡ, ಕೋಲಾರದ ಕಡೆ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆನ್ನು ಬಿಗಿದುಕೊಂಡವರು, ಕರಾವಳಿಯಲ್ಲಿ ದಿನವಿಡೀ ಬಗ್ಗಿ ಬೀಡಿ ಕಟ್ಟಿ ಕತ್ತು ಹಿಡಿದುಕೊಂಡವರು. ಇವರ್ಯಾರೂ ಫಿಸಿಯೋಥೆರಪಿ ಬೇಕು ಎಂದು ಅರ್ಜಿ ಹಾಕುವುದಿಲ್ಲ. ಅಂಥದ್ದೊಂದು ಇದೆ ಎಂದೇ ತಿಳಿದಿರುವುದಿಲ್ಲ. ನಿಮ್ಮ ತಾಲ್ಲೂಕುಗಳ ಪಟ್ಟಿ ಎಲ್ಲಿಂದ ಶುರುವಾಗಬೇಕು ಎಂದು ಯಾರಾದರೂ ಕೇಳಿದರೆ, ಇಂಥ ಕಡೆಗಳಿಂದ ಎಂದು ಹೇಳಿ. ನಮ್ಮ ತಾಲ್ಲೂಕು ಆಮೇಲೆ ಬಂದರೂ ನನಗೆ ಬೇಸರವಿಲ್ಲ.

ನನ್ನ ನೋವು ಹೋಗಿಲ್ಲ. ಮೋಡ ಕಟ್ಟಿದ ದಿನ ಮಣಿಕಟ್ಟು ಹೇಳುತ್ತದೆ. ಆದರೆ ನೋವಿನ ಮಾತ್ರೆ ತಿಂಗಳಿಗೆ ಮೂರೋ ನಾಲ್ಕೋ. ಕುರ್ಚಿಯಿಂದ ಏಳುವುದು ಐದರಿಂದ ಇಪ್ಪತ್ತಕ್ಕೆ ಬಂದಿದೆ. ಹೋದ ದೀಪಾವಳಿಗೆ ನಾನೇ ಎಣ್ಣೆ ಕಾಯಿಸಿ ಮೊಮ್ಮಗನ ಮೈಗೆ ತಿಕ್ಕಿದೆ, ತೊಟ್ಟಿಯಿಂದ ನಾನೇ ನೀರು ಮೊಗೆದು ಎರೆದೆ.

ಈಗ ನಮ್ಮ ಕೇರಿಯಲ್ಲಿ ನಾಲ್ಕು ಮಂದಿ ಹೆಂಗಸರು ಮಧ್ಯಾಹ್ನ ನಮ್ಮ ಜಗುಲಿಗೆ ಬರುತ್ತಾರೆ. ನನಗೆ ಹೇಳಿಕೊಟ್ಟದ್ದನ್ನು ನಾನು ಅವರಿಗೆ ತೋರಿಸುತ್ತೇನೆ. ಕಂಬ ಹಿಡಿದು ಹಿಮ್ಮಡಿ ಎತ್ತುತ್ತೇವೆ, ಗೋಡೆಯ ಮೇಲೆ ಬೆರಳು ನಡೆಸುತ್ತೇವೆ. ಅವರಲ್ಲಿ ಹಿರಿಯರಾದ ದೊಡ್ಡಮ್ಮನಿಗೆ ಎಪ್ಪತ್ತು ದಾಟಿದೆ. ಹತ್ತು ದಿನದಿಂದ ಅವರ ಎಡ ಮೊಣಕಾಲು ಊದಿದೆ, ಮುಟ್ಟಿದರೆ ಬಿಸಿ. ವ್ಯಾಯಾಮ ನಿಲ್ಲಿಸಿ ಡಾಕ್ಟರಿಗೆ ತೋರಿಸಿ ಎಂದೆ. ಕ್ರಾಸಿನವರೆಗೆ ನಡೆಯಲಾಗದು, ಆಟೋ ನಮ್ಮ ಏರಿಗೆ ಮಳೆಗಾಲದಲ್ಲಿ ಬಾರದು. ನೀನೇ ನೋಡಿ ಹೇಳು ಮಗಾ ಎನ್ನುತ್ತಾರೆ. ನಾನು ಓದಿದವಳಲ್ಲ, ನನಗೆ ಹೇಳಲು ಬರುವುದಿಲ್ಲ. ಹೇಳಲು ಬರುವವರನ್ನು ಕಳಿಸಿ.

ಇಂತಿ,
ಮಲೆನಾಡಿನ ಒಬ್ಬ ಗೃಹಿಣಿ